ವಿದೇಶಿ ಪ್ರಯೋಗಾಲಯದೊಡನೆ ಜಂಟಿ ಸಂಶೋಧನೆ: ಎಂಜಿನಿಯರಿಂಗ್ ಅಧ್ಯಾಪಕರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರ ಕೊಠಡಿಗಳಲ್ಲಿ ವಿದೇಶಿ ವಿಶ್ವವಿದ್ಯಾಲಯಗಳೊಡನೆ ಎಂಒಯು (ಪರಸ್ಪರ ತಿಳಿವಳಿಕೆಯ ಒಪ್ಪಂದ) ಮಾಡಿಕೊಂಡ ಫೋಟೋಗಳಿಗೆ ಕೊರತೆಯಿಲ್ಲ. ಆ ಎಂಒಯುವಿನಿಂದ ಎಷ್ಟು ಪ್ರಬಂಧಗಳು ಬಂದವು, ಎಷ್ಟು ವಿದ್ಯಾರ್ಥಿಗಳು ಹೋಗಿಬಂದರು ಎಂದು ಕೇಳಿದರೆ ಮಾತು ಮೆಲ್ಲಗೆ ಬೇರೆ ಕಡೆಗೆ ಹೊರಳುತ್ತದೆ. ಮತ್ತೆ ಮತ್ತೆ ಹೀಗಾಗುವುದಕ್ಕೆ ಕಾರಣ ಒಂದೇ: ಕ್ರಮ ತಲೆಕೆಳಗಾಗಿದೆ. ಮೊದಲು ಎಂಒಯು, ಆಮೇಲೆ ಹಣ, ಕೊನೆಗೆ ಕೆಲಸ ಎಂದು ಹೊರಟವರು ಕೆಲಸದವರೆಗೆ ತಲುಪುವುದೇ ಇಲ್ಲ. ಈ ಮಾರ್ಗದರ್ಶಿಯಲ್ಲಿ ಕ್ರಮ ಬೇರೆ. ಮೊದಲು ಒಂದು ಸಣ್ಣ ಕೆಲಸ, ಅದಕ್ಕೆ ಬೇಕಾದ ಅನುಮತಿ, ನಂತರ ಹಣ, ಅದಾದ ಮೇಲೆ ಎಂಒಯು.

ಮಾತು ಗಾಳಿಯಲ್ಲಿ ತೇಲಬಾರದೆಂದು ಉದ್ದಕ್ಕೂ ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಹಾರುಬೂದಿಯಿಂದ (ಕಲ್ಲಿದ್ದಲು ಉರಿದು ಉಳಿಯುವ ನುಣ್ಣನೆಯ ಬೂದಿ) ಸಿಮೆಂಟ್ ಬಳಸದ ಜಿಯೋಪಾಲಿಮರ್ ಕಾಂಕ್ರೀಟ್ ಮಾಡುತ್ತಿರುವ ಒಬ್ಬ ಸಿವಿಲ್ ವಿಭಾಗದ ಅಧ್ಯಾಪಕಿ ಜರ್ಮನಿಯ ಒಂದು ಪ್ರಯೋಗಾಲಯದೊಡನೆ ಕೆಲಸ ಮಾಡಬೇಕೆಂದಿದ್ದಾರೆ. ನಿಮ್ಮ ವಿಷಯ ಮೋಟಾರ್ ಡ್ರೈವ್ ಇರಲಿ, ದ್ರವಚಲನೆ ಇರಲಿ, ಹಂತಗಳು ಹೆಚ್ಚುಕಡಿಮೆ ಇವೇ.

ಹೊರಡುವ ಮುನ್ನ ಕೈಯಲ್ಲಿರಬೇಕಾದವು

ಕಾಲೇಜಿನ ಅಧಿಕೃತ ಇಮೇಲ್ ವಿಳಾಸ ಬೇಕು. ಜಿಮೇಲ್‌ನಿಂದ ಬಂದ ಪತ್ರವನ್ನು ಅನೇಕರು ತೆರೆಯುವುದೇ ಇಲ್ಲ. ಸಂಶೋಧಕರನ್ನು ಗುರುತಿಸುವ ಹದಿನಾರು ಅಂಕಿಗಳ ಆರ್ಕಿಡ್ ಗುರುತು ಉಚಿತವಾಗಿ ಸಿಗುತ್ತದೆ. ನಮ್ಮಲ್ಲಿ ಒಂದೇ ಹೆಸರಿನ ಮಂಜುನಾಥರು ವಿಭಾಗಕ್ಕಿಬ್ಬರು ಇರುವಾಗ ಅದು ಅನಿವಾರ್ಯ. ನಿಮ್ಮ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟದ ಟಿಪ್ಪಣಿ, ಕನಿಷ್ಠ ಎರಡು ವರ್ಷ ಅವಧಿ ಉಳಿದಿರುವ ಪಾಸ್‌ಪೋರ್ಟ್, ನಿಮ್ಮ ಪ್ರಯೋಗಾಲಯದ ಯಂತ್ರಗಳ ಪಟ್ಟಿ ಇವೂ ಬೇಕು. ಪಟ್ಟಿಯಲ್ಲಿ ಯಂತ್ರದ ಹೆಸರಿನ ಪಕ್ಕದಲ್ಲಿ ಕೊನೆಯ ಸಲ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ತಾಳೆ) ಆದ ದಿನಾಂಕ ಇರಲಿ. ಆ ಕಾಲಂ ಖಾಲಿ ಬಿಟ್ಟ ಪಟ್ಟಿ ಕಳುಹಿಸುವುದಕ್ಕಿಂತ ಕಳುಹಿಸದಿರುವುದು ಮೇಲು.

ಹಂತ 1: ಅವರ ಬಳಿ ಇಲ್ಲದ್ದು ನಿಮ್ಮ ಬಳಿ ಏನಿದೆ?

ಹೆಚ್ಚಿನವರು ತಪ್ಪುವುದು ಇಲ್ಲೇ. ‘ಅವರಲ್ಲಿ ಒಳ್ಳೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದೆ, ನಮಗೆ ಬಳಸಲು ಕೊಟ್ಟರೆ ಸಾಕು’ ಎಂಬುದು ಸಹಯೋಗವಲ್ಲ, ಉಪಕಾರ ಬೇಡುವುದು. ಉಪಕಾರವನ್ನು ಒಂದು ಸಲ ಮಾಡುತ್ತಾರೆ, ಎರಡನೆಯ ಸಲ ಉತ್ತರಿಸುವುದಿಲ್ಲ.

ಅಲ್ಲಿಯವರಿಗೆ ಸುಲಭವಾಗಿ ಸಿಗದ, ನಿಮ್ಮ ಅಂಗಳದಲ್ಲೇ ಬಿದ್ದಿರುವ ವಸ್ತುಗಳನ್ನು ಪಟ್ಟಿ ಮಾಡಿ. ಉತ್ತರ ಕರ್ನಾಟಕದ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಅಡಿಪಾಯದ ಎಂಜಿನಿಯರ್‌ಗೆ ಜೀವಂತ ಪ್ರಯೋಗಾಲಯ. 2,050 ಮೆಗಾವಾಟ್‌ನ ಪಾವಗಡ ಸೌರ ಪಾರ್ಕಿನಲ್ಲಿ ಫಲಕಗಳ ಮೇಲೆ ಕೂರುವ ಧೂಳು ಒಂದು ಸಂಶೋಧನಾ ವಿಷಯ. ಕರಾವಳಿಯ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯುವ ಸೇತುವೆಯ ಕಬ್ಬಿಣ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟ, ನಮ್ಮ ಅಧ್ಯಾಪಕಿಯ ಹಾರುಬೂದಿ ಎಲ್ಲವೂ ಹೀಗೆಯೇ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳನ್ನು ಜರ್ಮನಿ ಕಾನೂನು ಮಾಡಿಯೇ ಹಂತಹಂತವಾಗಿ ಮುಚ್ಚುತ್ತಿದೆ. ಅಲ್ಲಿ ಹಾರುಬೂದಿ ಸಿಗುವುದು ಕಡಿಮೆಯಾಗುತ್ತಾ ಹೋಗುತ್ತದೆ, ಇಲ್ಲಿ ರಾಶಿ ಬಿದ್ದಿದೆ. ಆ ವ್ಯತ್ಯಾಸವೇ ನಿಮ್ಮ ಬಂಡವಾಳ.

ಇದನ್ನು ಮೂರು ವಾಕ್ಯಗಳಲ್ಲಿ ಬರೆಯಲು ಆಗದಿದ್ದರೆ ಎರಡನೆಯ ಹಂತಕ್ಕೆ ಹೋಗಬೇಡಿ.

ಹಂತ 2: ಜೊತೆಗಾರರನ್ನು ಹುಡುಕುವುದು

ರ‍್ಯಾಂಕಿಂಗ್ ಪಟ್ಟಿ ತೆರೆದು ಮೊದಲ ಹತ್ತು ವಿಶ್ವವಿದ್ಯಾಲಯಗಳ ವಿಭಾಗ ಮುಖ್ಯಸ್ಥರಿಗೆ ಬರೆಯುವುದು ವ್ಯರ್ಥ. ಹುಡುಕಾಟ ಪ್ರಬಂಧಗಳಿಂದ ಶುರುವಾಗಲಿ. ನೀವು ನಿಜವಾಗಿ ಓದಿ, ಪಕ್ಕದಲ್ಲಿ ಪೆನ್ಸಿಲ್ ಗೀಟು ಹಾಕಿದ ಐದಾರು ಪ್ರಬಂಧಗಳನ್ನು ಮುಂದಿಟ್ಟುಕೊಳ್ಳಿ. ಕೊನೆಯಲ್ಲಿ ‘ಬೇರೆ ಮೂಲದ ಹಾರುಬೂದಿಯ ಮೇಲೆ ಪರೀಕ್ಷೆ ಆಗಬೇಕಿದೆ’ ಎಂಬಂಥ ಮಾತು ಯಾವುದರಲ್ಲಿದೆ ನೋಡಿ. ಬಾಗಿಲು ಇರುವುದು ಅಲ್ಲಿ. ಕೃತಜ್ಞತೆಯ ಭಾಗವನ್ನೂ ಓದಿ. ಆ ಗುಂಪಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದು ಅಲ್ಲೇ ಬರೆದಿರುತ್ತದೆ, ಹಂತ 8ರಲ್ಲಿ ಅದು ಬೇಕಾಗುತ್ತದೆ.

ಬರೆಯಬೇಕಾದದ್ದು ಯಾರಿಗೆ? ದೊಡ್ಡ ಹೆಸರಿನ ಪ್ರೊಫೆಸರ್‌ಗಿಂತ ಹೊಸದಾಗಿ ಸ್ವಂತ ಗುಂಪು ಕಟ್ಟುತ್ತಿರುವ ಕಿರಿಯ ಅಧ್ಯಾಪಕರು ಅಥವಾ ಹಿರಿಯ ಪೋಸ್ಟ್‌ಡಾಕ್ (ಪಿಎಚ್‌.ಡಿ. ಮುಗಿಸಿದ ಸಂಶೋಧಕರು) ಮೇಲು. ಅವರಿಗೂ ಸಹಯೋಗ ಬೇಕಿರುತ್ತದೆ, ಪತ್ರ ಓದುವ ಸಮಯವೂ ಇರುತ್ತದೆ. ನಿಮ್ಮ ಕಾಲೇಜಿನಲ್ಲಿ ಓದಿ ಈಗ ಅಲ್ಲೇ ಪಿಎಚ್‌.ಡಿ. ಮಾಡುತ್ತಿರುವ ಹಳೆಯ ವಿದ್ಯಾರ್ಥಿಗಳಿದ್ದರೆ ಮೊದಲು ಅವರನ್ನು ಮಾತಾಡಿಸಿ. ‘ನಿನ್ನ ಗೈಡ್‌ಗೆ ಒಂದು ಮಾತು ಹೇಳಪ್ಪ’ ಎಂದು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದು. ಆ ಗುಂಪು ಈಗ ಯಾವ ಪ್ರಶ್ನೆಯ ಹಿಂದೆ ಬಿದ್ದಿದೆ, ಪತ್ರಗಳಿಗೆ ಉತ್ತರಿಸುವ ಅಭ್ಯಾಸ ಇದೆಯೇ, ಹೊರಗಿನವರೊಡನೆ ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳಿ ತಿಳಿದುಕೊಂಡರೆ ಸಾಕು.

ಕಟ್ಟಡ ಸಾಮಗ್ರಿಗಳ ಕ್ಷೇತ್ರದಲ್ಲಿ ರೈಲೆಮ್ ಸಂಸ್ಥೆಯ ತಾಂತ್ರಿಕ ಸಮಿತಿಗಳಿವೆ. ಹಲವು ದೇಶಗಳ ಪ್ರಯೋಗಾಲಯಗಳು ಒಂದೇ ಮಾದರಿಯನ್ನು ಪರೀಕ್ಷಿಸಿ ಫಲಿತಾಂಶ ಹೋಲಿಸುವ ಕೆಲಸವನ್ನು ಅವು ನಡೆಸುತ್ತವೆ. ವಿದ್ಯುತ್, ಎಲೆಕ್ಟ್ರಾನಿಕ್ಸ್‌ನವರಿಗೆ ಐಇಇಇಯ ಮಾನಕ ಸಮಿತಿಗಳಿವೆ. ಸಮ್ಮೇಳನದಲ್ಲಿ ಕೈಕುಲುಕುವುದಕ್ಕಿಂತ ಇಂಥ ಸಮಿತಿಗಳಲ್ಲಿ ಒಂದು ವರ್ಷ ಕೆಲಸ ಮಾಡಿದರೆ ಪರಿಚಯ ಗಟ್ಟಿಯಾಗುತ್ತದೆ.

ಹಂತ 3: ಮೊದಲ ಪತ್ರ

‘ರೆಸ್ಪೆಕ್ಟೆಡ್ ಸರ್, ಗ್ರೀಟಿಂಗ್ಸ್ ಆಫ್ ದಿ ಡೇ’ ಎಂದು ಆರಂಭವಾಗಿ, ಕಾಲೇಜಿನ ಸ್ಥಾಪನೆಯ ವರ್ಷ, ನ್ಯಾಕ್ ಶ್ರೇಣಿ, ಎಕರೆಗಟ್ಟಲೆ ಕ್ಯಾಂಪಸ್ಸಿನ ವರ್ಣನೆ ಮುಗಿದು, ಐದನೆಯ ಪ್ಯಾರಾದಲ್ಲಿ ವಿಷಯಕ್ಕೆ ಬರುವ ಪತ್ರ ಕಸದ ಬುಟ್ಟಿಗೆ ಹೋಗುತ್ತದೆ. ಅದೇ ಪತ್ರವನ್ನು ನಲವತ್ತು ಜನರಿಗೆ ಒಟ್ಟಿಗೆ ಕಳುಹಿಸಿದರಂತೂ ಮುಗಿಯಿತು.

ಇಂಗ್ಲಿಷಿನಲ್ಲಿ ಬರೆಯುವ ಪತ್ರದ ತಿರುಳು ಹೀಗಿರಲಿ: ‘ನಿಮ್ಮ ಕಳೆದ ವರ್ಷದ ಪ್ರಬಂಧದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಹಾರುಬೂದಿಯ ಗಟ್ಟಿಯಾಗುವ ಅವಧಿಯ ಬಗ್ಗೆ ಓದಿದೆ. ರಾಯಚೂರಿನ ಬೂದಿಯಲ್ಲಿ ನಮಗೆ ಸಿಕ್ಕ ಅವಧಿ ನಿಮ್ಮದಕ್ಕಿಂತ ಸಾಕಷ್ಟು ಹೆಚ್ಚು. ಒಂದು ಗ್ರಾಫ್ ಲಗತ್ತಿಸಿದ್ದೇನೆ. ಸಿಲಿಕೇಟ್ ಅನುಪಾತವೇ ಕಾರಣವಿರಬಹುದೆಂದು ನನ್ನ ಅನುಮಾನ. ಇದೇ ಬೂದಿಯ ಎರಡು ಕಿಲೋ ಮಾದರಿಯನ್ನು ನಾವಿಬ್ಬರೂ ಪರೀಕ್ಷಿಸಿ ಹೋಲಿಸಬಹುದೇ? ಇಪ್ಪತ್ತು ನಿಮಿಷ ಮಾತಾಡಲು ಸಾಧ್ಯವೇ?’ ಅಷ್ಟೇ. ಒಂದು ಗ್ರಾಫ್, ಒಂದು ಪ್ರಶ್ನೆ, ಒಂದು ಕೋರಿಕೆ. ಕಾಲೇಜಿನ ಪರಿಚಯಕ್ಕೆ ಸಹಿಯ ಕೆಳಗಿನ ಒಂದು ಸಾಲು ಸಾಕು.

ಎರಡು ವಾರ ಕಾದು ಒಂದೇ ಒಂದು ನೆನಪೋಲೆ ಬರೆಯಿರಿ. ಕಳುಹಿಸುವ ಕಾಲವನ್ನೂ ನೋಡಿಕೊಳ್ಳಿ: ಯುರೋಪಿನಲ್ಲಿ ಆಗಸ್ಟ್ ರಜೆಯ ತಿಂಗಳು, ಡಿಸೆಂಬರ್ 20ರಿಂದ ಜನವರಿ ಮೊದಲ ವಾರದವರೆಗೆ ಯಾರೂ ಸಿಗುವುದಿಲ್ಲ. ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಸಾಲು ರಜೆ.

ಹಂತ 4: ಮೊದಲ ಮಾತುಕತೆ

ಗಡಿಯಾರದ ವಿಷಯ ಕ್ಷುಲ್ಲಕವೆನಿಸಬಹುದು, ಆದರೆ ಮೊದಲ ಭೇಟಿಯೇ ತಪ್ಪಿಹೋಗುವುದು ಇಲ್ಲಿ. ಜರ್ಮನಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಯುರೋಪ್ ಗಡಿಯಾರ ಬದಲಿಸುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಅಮೆರಿಕ ಮಾರ್ಚ್‌ನ ಎರಡನೆಯ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಮೂರು ದೇಶಗಳವರು ಸೇರುವ ಸಭೆಗಳು ಈ ನಡುವಿನ ವಾರಗಳಲ್ಲೇ ಹಳಿ ತಪ್ಪುತ್ತವೆ. ಆಹ್ವಾನದಲ್ಲಿ ಎರಡೂ ಊರಿನ ಸಮಯ ಬರೆಯಿರಿ.

ಸ್ಲೈಡ್ ನಾಲ್ಕಕ್ಕಿಂತ ಹೆಚ್ಚು ಬೇಡ. ಕೆಟ್ಟ ಫಲಿತಾಂಶಗಳನ್ನೂ ತೋರಿಸಿ. ಕೆಲಸ ಮಾಡುವವರು ಎದುರಿನವರನ್ನು ಅಳೆಯುವುದು ಅದರಿಂದಲೇ. ಸಭೆ ಮುಗಿದ ದಿನವೇ ಯಾರು, ಏನು, ಯಾವಾಗ ಎಂಬ ಐದು ಸಾಲಿನ ಟಿಪ್ಪಣಿ ಕಳುಹಿಸಿ. ಇನ್ನೊಂದು ಸೂಕ್ಷ್ಮ: ‘ನೋಡೋಣ, ಪ್ರಯತ್ನಿಸುತ್ತೇನೆ’ ಎಂದು ನಾವು ಮುಲಾಜಿಗೆ ಹೇಳುವುದನ್ನು ಜರ್ಮನ್ನರು ಒಪ್ಪಿಗೆ ಎಂದೇ ಬರೆದುಕೊಳ್ಳುತ್ತಾರೆ. ವಿಟಿಯು ಪರೀಕ್ಷೆಗಳ ತಿಂಗಳಲ್ಲಿ ಕೆಲಸ ಆಗದೆಂದರೆ ಆಗದು ಎಂದೇ ಹೇಳಿಬಿಡಿ.

ಹಂತ 5: ಕೆಲಸಕ್ಕೆ ಮೊದಲೇ ಒಂದು ಪುಟದ ಹಂಚಿಕೆ ಪತ್ರ

ಇದು ವಕೀಲರ ದಾಖಲೆಯಲ್ಲ, ಇಮೇಲ್‌ನಲ್ಲಿ ಇಬ್ಬರೂ ‘ಸರಿ’ ಎಂದರೆ ಸಾಕು. ಯಾವ ಪರೀಕ್ಷೆ ಯಾರದು, ಪ್ರಬಂಧದ ಮೊದಲ ಲೇಖಕರು ಯಾರು, ನಿಯತಕಾಲಿಕದೊಡನೆ ಪತ್ರವ್ಯವಹಾರ ನಡೆಸುವ ಸಂಪರ್ಕ ಲೇಖಕರು ಯಾರು, ಕಚ್ಚಾ ದತ್ತಾಂಶ ಎಲ್ಲಿರುತ್ತದೆ, ಒಬ್ಬರು ಮಧ್ಯದಲ್ಲಿ ಬಿಟ್ಟರೆ ಇನ್ನೊಬ್ಬರು ಅದನ್ನು ಬಳಸಬಹುದೇ ಎಂಬುದಿಷ್ಟು ಇರಲಿ. ಲೇಖಕರ ಕೊಡುಗೆಯನ್ನು ಹದಿನಾಲ್ಕು ಬಗೆಗಳಾಗಿ ವಿಂಗಡಿಸುವ ‘ಕ್ರೆಡಿಟ್’ ಪದ್ಧತಿಯನ್ನು ಅನೇಕ ನಿಯತಕಾಲಿಕಗಳು ಕೇಳುತ್ತವೆ. ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು ಹೆಸರು ತುಂಬಿ. ಏನೂ ಮಾಡದ ವಿಭಾಗ ಮುಖ್ಯಸ್ಥರ ಹೆಸರು ಸೇರಿಸಬೇಕೆಂಬ ಒತ್ತಡ ಬಂದಾಗ ಈ ಪಟ್ಟಿ ನಿಮ್ಮ ರಕ್ಷಣೆಗೂ ಒದಗುತ್ತದೆ.

ಕೆಲಸ ಹಂಚುವಾಗ ಗಡಿ ಸ್ಪಷ್ಟವಾಗಿರಬೇಕು. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ, ನಾಸಾ ಮತ್ತು ಇಸ್ರೊ ಸೇರಿ ಮಾಡಿದ ನಿಸಾರ್ ಉಪಗ್ರಹವನ್ನು ನೋಡಿ. ಎಲ್ ಬ್ಯಾಂಡ್ ರೇಡಾರ್ ನಾಸಾದ್ದು, ಎಸ್ ಬ್ಯಾಂಡ್ ರೇಡಾರ್ ಇಸ್ರೊದ್ದು. ಜೋಡಣೆ ನಡೆದದ್ದು ಬೆಂಗಳೂರಿನಲ್ಲಿ. 2024ರಲ್ಲಿ 12 ಮೀಟರ್ ವ್ಯಾಸದ ಪ್ರತಿಫಲಕಕ್ಕೆ ಶಾಖ ತಡೆಯುವ ಲೇಪನ ಬೇಕೆಂದಾಗ ಅದನ್ನು ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಕಳುಹಿಸಿ ತರಿಸಬೇಕಾಯಿತು. ಉಡಾವಣೆ ತಡವಾಯಿತು, ಆದರೆ ಆ ಭಾಗ ಯಾರ ಹೊಣೆ ಎಂಬ ಬಗ್ಗೆ ಗೊಂದಲವಿರಲಿಲ್ಲ: ಅದನ್ನು ಕೊಟ್ಟವರು ನಾಸಾದವರು.

ಹಂತ 6: ಅನುಮತಿಗಳು

ಮಾದರಿ, ತಂತ್ರಜ್ಞಾನ, ಪೇಟೆಂಟ್ ಈ ಮೂರನ್ನೂ ಏನನ್ನಾದರೂ ಕಳುಹಿಸುವ ಮೊದಲೇ ನೋಡಬೇಕು.

ಮಾದರಿ: ಎರಡು ಕಿಲೋ ಹಾರುಬೂದಿ ಕೊರಿಯರ್‌ನಲ್ಲಿ ಹೋಗುವಾಗ ನೋಡಲು ಅನುಮಾನಾಸ್ಪದ ಬೂದು ಪುಡಿ. ಸುರಕ್ಷತಾ ಮಾಹಿತಿ ಪತ್ರ, ‘ವಾಣಿಜ್ಯ ಮೌಲ್ಯವಿಲ್ಲದ ಸಂಶೋಧನಾ ಮಾದರಿ’ ಎಂಬ ಇನ್‌ವಾಯ್ಸ್, ಸ್ವೀಕರಿಸುವ ಪ್ರಯೋಗಾಲಯದ ಪತ್ರ ಮೂರನ್ನೂ ಲಗತ್ತಿಸಿ. ಜೊತೆಗೆ ಸೋಡಿಯಂ ಹೈಡ್ರಾಕ್ಸೈಡ್ ಕಳುಹಿಸುವ ಸಾಹಸ ಬೇಡ, ಅದು ಅಪಾಯಕಾರಿ ಸರಕು. ಅಲ್ಲೇ ಅದೇ ಶುದ್ಧತೆಯದನ್ನು ಕೊಳ್ಳಲಿ. ಮರದ ಪೆಟ್ಟಿಗೆಯಾದರೆ ಕೀಟ ನಿವಾರಣೆಯ ಐಎಸ್‌ಪಿಎಂ 15 ಮುದ್ರೆ ಬೇಕು. ಉಪಕರಣವನ್ನು ತಾತ್ಕಾಲಿಕವಾಗಿ ಒಯ್ದು ವಾಪಸ್ ತರುವುದಾದರೆ ಎಟಿಎ ಕಾರ್ನೆಟ್ (ಸುಂಕ ಕಟ್ಟದೆ ಒಯ್ದು ತರಲು ಕೊಡುವ ಕಸ್ಟಮ್ಸ್ ದಾಖಲೆ) ಅನ್ವಯಿಸುತ್ತದೆಯೇ ಎಂದು ಮೊದಲೇ ವಿಚಾರಿಸಿ. ನಮ್ಮ ದೇಶದಲ್ಲಿ ಅದನ್ನು ಕೊಡುವುದು ವಾಣಿಜ್ಯೋದ್ಯಮಗಳ ಒಕ್ಕೂಟ ಫಿಕ್ಕಿ.

ತಂತ್ರಜ್ಞಾನ: ಡ್ರೋನ್, ಗೂಢಲಿಪಿ, ವಿಶೇಷ ಮಿಶ್ರಲೋಹ, ಉಪಗ್ರಹದ ಭಾಗಗಳ ಮೇಲೆ ಕೆಲಸ ಮಾಡುವವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಸ್ಕೋಮೆಟ್ ಪಟ್ಟಿಯನ್ನು (ರಫ್ತಿಗೆ ನಿಯಂತ್ರಣವಿರುವ ವಸ್ತು, ತಂತ್ರಜ್ಞಾನಗಳ ಪಟ್ಟಿ) ಓದಲೇಬೇಕು. ಪಟ್ಟಿಯಲ್ಲಿರುವ ವಸ್ತುವಿಗೆ ಮಾತ್ರವಲ್ಲ, ಅದರ ವಿನ್ಯಾಸದ ಫೈಲನ್ನು ಇಮೇಲ್ ಮಾಡುವುದಕ್ಕೂ ಪರವಾನಗಿ ಬೇಕಾಗಬಹುದು. ನಮ್ಮ ಕಾಲೇಜುಗಳಲ್ಲಿ ಈ ಪಟ್ಟಿಯ ಹೆಸರನ್ನೇ ಕೇಳದವರು ಬಹಳ.

ಪೇಟೆಂಟ್: ಭಾರತದ ಪೇಟೆಂಟ್ ಕಾಯ್ದೆಯ 39ನೇ ಕಲಂ ಪ್ರಕಾರ, ಇಲ್ಲಿ ವಾಸಿಸುವ ಆವಿಷ್ಕಾರಕರಿರುವ ಅರ್ಜಿಯನ್ನು ನೇರವಾಗಿ ವಿದೇಶದಲ್ಲಿ ಸಲ್ಲಿಸುವಂತಿಲ್ಲ. ಒಂದೋ ಭಾರತದಲ್ಲಿ ಮೊದಲು ಸಲ್ಲಿಸಿ ಆರು ವಾರ ಕಾಯಬೇಕು, ಇಲ್ಲವೇ ಫಾರ್ಮ್ 25ರಲ್ಲಿ ಪೇಟೆಂಟ್ ಕಚೇರಿಯ ಅನುಮತಿ ಪಡೆಯಬೇಕು. ಉಲ್ಲಂಘಿಸಿದರೆ ಇಲ್ಲಿನ ಅರ್ಜಿ ಕೈಬಿಟ್ಟಂತೆ ಪರಿಗಣಿತವಾಗುತ್ತದೆ. ಜರ್ಮನ್ ಜೊತೆಗಾರರಿಗೆ ಇದು ಗೊತ್ತಿರುವುದಿಲ್ಲ, ಅವರ ವಿಶ್ವವಿದ್ಯಾಲಯದ ಪೇಟೆಂಟ್ ವಿಭಾಗ ಸದ್ದಿಲ್ಲದೆ ಮ್ಯೂನಿಕ್‌ನಲ್ಲಿ ಅರ್ಜಿ ಹಾಕಿಬಿಡಬಹುದು. ಮೊದಲ ತಿಂಗಳಲ್ಲೇ ಬರವಣಿಗೆಯಲ್ಲಿ ತಿಳಿಸಿ.

ಹಂತ 7: ಮೂರು ತಿಂಗಳ ಸಣ್ಣ ಕೆಲಸ

ಇಡೀ ಮಾರ್ಗದರ್ಶಿಯಲ್ಲಿ ತಾಳ್ಮೆಯಿಂದ ಓದಬೇಕಾದ ಭಾಗ ಇದು. ಇಬ್ಬರೂ ಒಂದೇ ಬೂದಿಯಿಂದ, ಒಂದೇ ಪ್ರಮಾಣದಲ್ಲಿ, ಒಂದೇ ಪರೀಕ್ಷೆ ಮಾಡಿ ಅಂಕಿಗಳನ್ನು ಹೋಲಿಸುವುದು ಗುರಿ. ಹೊಸ ಆವಿಷ್ಕಾರದ ಮಾತು ಸದ್ಯಕ್ಕೆ ಬೇಡ.

‘ಒಂದೇ ಪರೀಕ್ಷೆ’ ಎಂಬುದು ಬಾಯಿಮಾತಿನಷ್ಟು ಸುಲಭವಲ್ಲ. ನಮ್ಮಲ್ಲಿ ಎಂ25 ದರ್ಜೆಯ ಕಾಂಕ್ರೀಟ್ ಎಂದರೆ 150 ಮಿಲಿಮೀಟರ್ ಕ್ಯೂಬ್ 28 ದಿನಗಳಲ್ಲಿ 25 ಮೆಗಾಪಾಸ್ಕಲ್ ಬಲ ತೋರಿಸಬೇಕು. ಯುರೋಪಿನಲ್ಲಿ ಸಿ25/30 ಎಂದು ಬರೆಯುತ್ತಾರೆ: ಮೊದಲನೆಯದು ಸಿಲಿಂಡರ್‌ನ ಬಲ, ಎರಡನೆಯದು ಕ್ಯೂಬ್‌ನದು. ಅಮೆರಿಕದವರು ಸಿಲಿಂಡರ್ ಮಾತ್ರ ಒಡೆಯುತ್ತಾರೆ, ಅಂಕಿಯನ್ನು ಅನೇಕ ಸಲ ಪಿಎಸ್‌ಐಯಲ್ಲಿ (ಚದರ ಇಂಚಿಗೆ ಇಷ್ಟು ಪೌಂಡ್ ಎಂದು) ಕೊಡುತ್ತಾರೆ. ಅದೇ ಕಾಂಕ್ರೀಟ್‌ನ ಸಿಲಿಂಡರ್ ಬಲ ಸಾಮಾನ್ಯವಾಗಿ ಕ್ಯೂಬ್ ಬಲದ ಐದರಲ್ಲಿ ನಾಲ್ಕು ಪಾಲಿನ ಆಸುಪಾಸು. ಇದನ್ನು ಮರೆತರೆ ‘ನಿಮ್ಮ ಬಲ ನಮ್ಮದಕ್ಕಿಂತ ಶೇ 25ರಷ್ಟು ಹೆಚ್ಚು ಏಕೆ?’ ಎಂಬ ಚರ್ಚೆಯಲ್ಲಿ ಎರಡು ತಿಂಗಳು ಹೋಗುತ್ತದೆ.

ಇನ್ನೂ ಒಳಗೆ ಹೋಗಿ. ಕ್ಯೂಬ್ ಇಡುವ ನೀರಿನ ಉಷ್ಣಾಂಶ ನಮ್ಮ ಮಾನಕದಲ್ಲಿ 27 ಡಿಗ್ರಿ, ಯುರೋಪಿನದರಲ್ಲಿ 20, ಅಮೆರಿಕದಲ್ಲಿ 23. ಜಿಯೋಪಾಲಿಮರ್‌ನಂತೆ ಶಾಖಕ್ಕೆ ಸ್ಪಂದಿಸುವ ವಸ್ತುವಿಗೆ ಈ ಏಳು ಡಿಗ್ರಿ ಸಣ್ಣ ವಿಷಯವಲ್ಲ. ಓವನ್‌ನಲ್ಲಿ 60 ಡಿಗ್ರಿಗೆ ಇಡುವುದಾದರೆ ಅಚ್ಚು ಸಮೇತವೋ, ಅಚ್ಚು ಬಿಚ್ಚಿಯೋ? ಮುಚ್ಚಳ ಹಾಕಿಯೋ, ತೆರೆದೋ? ಓವನ್‌ಗೆ ಹೋಗುವ ಮೊದಲು ಎಷ್ಟು ಗಂಟೆ ಹೊರಗೆ? ಲೋಡ್ ಏರಿಸುವ ವೇಗ ಎಷ್ಟು? ಹೀಗೆ ಪ್ರತಿಯೊಂದನ್ನೂ ಬರೆದ ಎರಡು ಪುಟದ ಕ್ರಮಪಟ್ಟಿ ಮಾಡಿ, ಎರಡೂ ಕಡೆ ಗೋಡೆಗೆ ಅಂಟಿಸಿ. ಬೂದಿಯನ್ನು ಒಂದೇ ದಿನ, ಒಂದೇ ಚೀಲದಿಂದ ಚೆನ್ನಾಗಿ ಕಲಸಿ ಎರಡು ಪಾಲು ಮಾಡಿ. ಸ್ವಲ್ಪವನ್ನು ಗಾಳಿಯಾಡದ ಡಬ್ಬಿಯಲ್ಲಿ ತೆಗೆದಿಡಿ, ಜಗಳ ಬಂದಾಗ ಬೇಕಾಗುತ್ತದೆ. ಹಂಚಿಕೆಯ ಫೋಲ್ಡರ್‌ನಲ್ಲಿ ಫೈಲ್‌ಗಳ ಹೆಸರಿಗೆ ಒಂದೇ ಪದ್ಧತಿ ಇರಲಿ, ದಿನಾಂಕ ವರ್ಷ-ತಿಂಗಳು-ದಿನ ಎಂದೇ ಬರೆಯಿರಿ. 03-04 ಎಂದರೆ ನಮಗೆ ಏಪ್ರಿಲ್, ಅಮೆರಿಕದವರಿಗೆ ಮಾರ್ಚ್.

ಎಚ್ಚರಿಕೆಯ ಗಂಟೆ: ಆರು ವಾರಗಳಾದರೂ ಆ ಕಡೆಯಿಂದ ಒಂದೂ ಕಚ್ಚಾ ಅಂಕಿ ಬರಲಿಲ್ಲ, ಆದರೆ ನಿಮ್ಮ ಅಂಕಿಗಳನ್ನು ಕೇಳುತ್ತಲೇ ಇದ್ದಾರೆ ಎಂದರೆ ಅಲ್ಲಿಗೇ ನಿಲ್ಲಿಸಿ ಮಾತಾಡಿ.

ಹಂತ 8: ಹಣ

ಮೂರು ತಿಂಗಳ ಫಲಿತಾಂಶ ಕೈಯಲ್ಲಿದ್ದರೆ ಅರ್ಜಿ ತಾನಾಗಿ ತೂಕ ಪಡೆಯುತ್ತದೆ. ಮೊದಲು ಯಾವ ಬಾಗಿಲು ಯಾರಿಗೆ ಎಂದು ತಿಳಿಯಿರಿ. ಗುರುಗ್ರಾಮದಲ್ಲಿರುವ ಭಾರತ-ಜರ್ಮನಿ ವಿಜ್ಞಾನ ತಂತ್ರಜ್ಞಾನ ಕೇಂದ್ರದ ‘2+2’ ಯೋಜನೆಗೆ ಎರಡೂ ದೇಶಗಳಿಂದ ತಲಾ ಒಂದು ಸಂಶೋಧನಾ ಸಂಸ್ಥೆ, ಒಂದು ಉದ್ಯಮ ಬೇಕು. ಫ್ರಾನ್ಸ್ ಜೊತೆಗಾದರೆ 1987ರಿಂದ ನಡೆಯುತ್ತಿರುವ ಭಾರತ-ಫ್ರಾನ್ಸ್ ಸಂಶೋಧನಾ ಕೇಂದ್ರ ಸೆಫಿಪ್ರಾ ಇದೆ. ವಿದೇಶಿ ಸಂಸ್ಥೆಗಳೊಡನೆ ಜಂಟಿ ಸಂಶೋಧನೆಗಾಗಿ ಇರುವ ಕೇಂದ್ರ ಶಿಕ್ಷಣ ಸಚಿವಾಲಯದ ಸ್ಪಾರ್ಕ್ ಯೋಜನೆಯನ್ನು ಐಐಟಿ ಖರಗ್‌ಪುರ ಸಂಯೋಜಿಸುತ್ತದೆ. ಅದರಲ್ಲಿ ಸಂಸ್ಥೆಯ ಅರ್ಹತೆಗೇ ಷರತ್ತುಗಳಿವೆ, ಪ್ರಕಟಣೆ ಬಂದ ದಿನವೇ ಅದನ್ನು ಮೊದಲು ಓದಿ. ಪದವಿ ವಿದ್ಯಾರ್ಥಿಗಳ ಬೇಸಿಗೆ ಇಂಟರ್ನ್‌ಶಿಪ್‌ಗೆ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್‌ನ ವೈಸ್ ಯೋಜನೆ ಇದೆ. ಐರೋಪ್ಯ ಒಕ್ಕೂಟದ ಹೊರೈಜನ್ ಸಂಶೋಧನಾ ಯೋಜನೆಗಳಲ್ಲಿ ಭಾರತೀಯ ಸಂಸ್ಥೆಗಳು ಭಾಗವಹಿಸಬಹುದು, ಆದರೆ ಹಣ ತಾನೇ ತಾನಾಗಿ ಬರುವುದಿಲ್ಲ. ‘ನೀವೂ ಪಾಲುದಾರರು’ ಎಂದು ಯಾರಾದರೂ ಹೇಳಿದರೆ, ನಮ್ಮ ಪಾಲಿನ ಖರ್ಚು ಯಾರದು ಎಂದು ಕೂಡಲೇ ಕೇಳಿ.

ದ್ವಿಪಕ್ಷೀಯ ಯೋಜನೆಗಳಲ್ಲಿ ಸಾಮಾನ್ಯವಾಗಿ ಎರಡೂ ದೇಶದವರು ತಮ್ಮ ತಮ್ಮ ಸಂಸ್ಥೆಗೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು, ಶೀರ್ಷಿಕೆ ಒಂದೇ ಇರಬೇಕು. ಒಂದು ಕಡೆಯದು ಬರದಿದ್ದರೆ ಇನ್ನೊಂದು ಕಡೆಯದೂ ತಿರಸ್ಕೃತ. ಕೊನೆಯ ದಿನಕ್ಕೆ ಒಂದು ವಾರ ಮುಂಚೆ ಆ ಕಡೆಯವರಿಂದ ‘ಸಲ್ಲಿಸಿದ್ದೇವೆ’ ಎಂಬ ಸ್ವೀಕೃತಿಯ ಪ್ರತಿ ತರಿಸಿಕೊಳ್ಳಿ.

ಹಣ ನೇರವಾಗಿ ವಿದೇಶದಿಂದ ಬರುವುದಾದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಎದುರಾಗುತ್ತದೆ. ಟ್ರಸ್ಟ್ ಅಥವಾ ವಿದ್ಯಾಸಂಘ ನಡೆಸುವ ಖಾಸಗಿ ಕಾಲೇಜಿಗೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಹಣ ಬರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ, ಮತ್ತು ಅದನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಅವರು ಉಚಿತವಾಗಿ ಕೊಡುವ ಹಳೆಯ ಯಂತ್ರವೂ ದೇಣಿಗೆಯ ವ್ಯಾಖ್ಯೆಯೊಳಗೆ ಬರುತ್ತದೆ. ಸೇವೆಗೆ ಬಿಲ್ ಮಾಡಿ ಪಡೆಯುವ ಶುಲ್ಕದ ಲೆಕ್ಕ ಬೇರೆ. ಗೆರೆ ಎಲ್ಲಿದೆ ಎಂಬುದನ್ನು ಲೆಕ್ಕಪರಿಶೋಧಕರು ಹೇಳಲಿ, ಉತ್ಸಾಹಿ ಡೀನ್ ಅಲ್ಲ. ಹಣ ಒಮ್ಮೆ ಮಾಮೂಲಿ ಖಾತೆಗೆ ಬಂದುಬಿಟ್ಟರೆ ಬಿಡಿಸಿಕೊಳ್ಳುವುದು ಕಷ್ಟ.

ಹಂತ 9: ಈಗ ಎಂಒಯು

ಕೆಲಸ ನಡೆದಿದೆ, ಫಲಿತಾಂಶ ಇದೆ. ಈಗ ಬರೆಯುವ ಎಂಒಯುವಿಗೆ ಅರ್ಥವಿದೆ. ಇಬ್ಬರ ಹೆಸರು ಇರಲಿ: ಈ ಕಡೆಯ ಹೊಣೆಗಾರರು, ಆ ಕಡೆಯವರು. ಅವಧಿ ಮೂರು ವರ್ಷ ಸಾಕು. ಹಣ, ಬೌದ್ಧಿಕ ಸ್ವತ್ತು, ಗೋಪ್ಯತೆಯನ್ನು ಎಂಒಯುವಿಗೆ ತುರುಕದೆ ಪ್ರತ್ಯೇಕ ಯೋಜನಾ ಒಪ್ಪಂದದಲ್ಲಿ ಬರೆಯಿರಿ. ವಿವಾದ ಬಂದರೆ ಯಾವ ದೇಶದ ಕಾನೂನು ಎಂಬ ಸಾಲಿನ ಮೇಲೆ ಇಬ್ಬರ ವಕೀಲರೂ ತಿಂಗಳುಗಟ್ಟಲೆ ಎಳೆದಾಡುತ್ತಾರೆ. ಆ ಹೊತ್ತಿಗೆ ಕೆಲಸ ನಿಲ್ಲಬಾರದೆಂದೇ ಅದನ್ನು ಒಂಬತ್ತನೆಯ ಹಂತಕ್ಕೆ ತಂದದ್ದು.

ಹಂತ 10: ಹೋಗಿಬರುವುದು

ಅಲ್ಲಿಂದ ಬರುವವರು ಪ್ರವಾಸಿ ವೀಸಾದಲ್ಲಿ ಬಂದು ಪ್ರಯೋಗ ಮಾಡುವಂತಿಲ್ಲ. ಸಮ್ಮೇಳನಕ್ಕೆ ಒಂದು ಬಗೆಯ ವೀಸಾ, ಸಂಶೋಧನೆಗೆ ಇನ್ನೊಂದು. ಅವರು ತಂಗುವ ಕಾಲೇಜಿನ ಅತಿಥಿಗೃಹದವರು 24 ಗಂಟೆಗಳೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ದಾಖಲಿಸಬೇಕು. ಮೇಲ್ವಿಚಾರಕರಿಗೆ ಮೊದಲೇ ಲಾಗಿನ್ ಮಾಡಿಸಿಡಿ. ಇಲ್ಲಿಂದ ವಿದ್ಯಾರ್ಥಿಯನ್ನು ಕಳುಹಿಸುವಾಗ ಆತನಿಗೆ ಕ್ರಮಪಟ್ಟಿ ಬಾಯಿಪಾಠವಿರಲಿ, ಕೈಯಲ್ಲಿ ಸ್ವಂತ ಅಂಕಿಗಳಿರಲಿ. ಜರ್ಮನಿಯ ವೀಸಾ ಸಂದರ್ಶನದ ದಿನಾಂಕ ಸಿಗಲು ತಡವಾಗುವುದುಂಟು, ಆಹ್ವಾನ ಪತ್ರ ಬಂದ ವಾರವೇ ಕಾಯ್ದಿರಿಸಿ.

ಹಂತ 11: ಕೆಲಸವನ್ನು ಹೊರಗೆ ತಲುಪಿಸುವುದು

ಪ್ರಬಂಧ ಸ್ವೀಕೃತವಾದ ದಿನ ದತ್ತಾಂಶವನ್ನು ಜೆನೊಡೊ ಎಂಬ ಆನ್‌ಲೈನ್ ಭಂಡಾರದಲ್ಲಿ ಹಾಕಿ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಈ ಭಂಡಾರ ಉಚಿತ, ದತ್ತಾಂಶವನ್ನು ಗುರುತಿಸುವ ಶಾಶ್ವತ ಡಿಒಐ ಸಂಖ್ಯೆಯನ್ನೂ ಕೊಡುತ್ತದೆ. ಮುಂದಿನ ಜೊತೆಗಾರರು ನಿಮ್ಮನ್ನು ಹುಡುಕಿಕೊಂಡು ಬರುವುದು ಅನೇಕ ಸಲ ಇದರ ಮೂಲಕ.

ಇನ್ನೊಂದು ಕೆಲಸ ಇಲ್ಲೇ, ಊರಿನಲ್ಲೇ. ಬೂದಿಯ ಹೊಂಡದ ಪಕ್ಕದಲ್ಲಿ ಬದುಕುವವರಿಗೆ, ಇಟ್ಟಿಗೆ ಮಾಡುವವರಿಗೆ, ತಾಲ್ಲೂಕಿನ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್‌ಗೆ ಫಲಿತಾಂಶವನ್ನು ಕನ್ನಡದಲ್ಲಿ ಎರಡು ಪುಟದಲ್ಲಿ ಬರೆದುಕೊಡಿ. ಒಂದು ಮಧ್ಯಾಹ್ನ ಅವರೆದುರೇ ಕ್ಯೂಬ್ ಒಡೆದು ತೋರಿಸಿ. ಅವರು ಕೇಳುವ ಮೊದಲ ಪ್ರಶ್ನೆ ‘ಚೀಲಕ್ಕೆ ಎಷ್ಟಾಗುತ್ತದೆ?’ ಎಂಬುದೇ; ಉತ್ತರ ಸಿದ್ಧವಿರಲಿ.

ಕೂಡಲೇ ಕೈಬಿಡಬೇಕಾದ ಸೂಚನೆಗಳು

‘ಅಂತರರಾಷ್ಟ್ರೀಯ ಸಲಹಾ ಮಂಡಳಿಯ ಸದಸ್ಯತ್ವ’ಕ್ಕೆ ಅಥವಾ ಗೌರವ ಪ್ರೊಫೆಸರ್ ಪ್ರಮಾಣಪತ್ರಕ್ಕೆ ಶುಲ್ಕ ಕೇಳುವವರು. ಎಂಜಿನಿಯರಿಂಗ್, ವೈದ್ಯಕೀಯ, ಭಾಷಾಶಾಸ್ತ್ರ ಮೂರನ್ನೂ ಒಂದೇ ಸಭಾಂಗಣದಲ್ಲಿ ಎರಡು ದಿನಕ್ಕೆ ಮುಗಿಸುವ ಸಮ್ಮೇಳನಗಳು. ನಿಮ್ಮ ಕೆಲಸವನ್ನು ಓದದೆ, ಪ್ರಬಂಧದಲ್ಲಿ ತಮ್ಮ ಸಂಸ್ಥೆಯ ಹೆಸರನ್ನು ಎರಡನೆಯ ವಿಳಾಸವಾಗಿ ಹಾಕಿದರೆ ಹಣ ಕೊಡುತ್ತೇವೆ ಎನ್ನುವವರು. ಮಾದರಿ ಒಯ್ದು ಪ್ರಬಂಧದ ಕೃತಜ್ಞತೆಯ ಸಾಲಿನಲ್ಲಿ ಮಾತ್ರ ನೆನೆಯುವವರು. ಕಳುಹಿಸಿದ ಹಂಚಿಕೆ ಪತ್ರಕ್ಕೆ ‘ಅದೆಲ್ಲ ಆಮೇಲೆ ನೋಡೋಣ’ ಎನ್ನುವವರು, ಅವರು ಯಾವ ದೇಶದವರೇ ಆಗಿರಲಿ.